ಶನಿವಾರ ಹನ್ನೊಂದರೊಳಗೆ

ಬೋಳಾರದ ಹಂಚಿನ ಮನೆಗೆ ಟೋಕನ್ ಕೊಡಲು
ಶನಿವಾರ ಹನ್ನೊಂದು ಗಂಟೆಯ ಗಡು.
ರಿಪೇರಿಯ ಲೆಕ್ಕ ಸಿಗದೆ ನಾನು ಬೆಲೆ ಹೇಳುವಂತಿಲ್ಲ,
ಮನೆ ನನ್ನದಾಗದೆ ಯಾವ ಮೇಸ್ತ್ರಿಯೂ ಲೆಕ್ಕ ಕೊಡುವುದಿಲ್ಲ.

"ನಿಮಗಾಗಿ ಆರು ಮನೆ ಅಳೆದೆ ಮಾರಾಯ್ರೆ,
ಒಂದರಲ್ಲೂ ಒಂದು ಬುಟ್ಟಿ ಗಾರೆ ಕಲಸಲಿಲ್ಲ,"
ಎಂದ ಐತಪ್ಪ, ಫೋನಿನಲ್ಲೇ.
ಇನ್ನೊಬ್ಬ ಬಂದ. ಅಂಗಳ ದಾಟಲಿಲ್ಲ.
"ಎಂಟೂ ಆಗ್ಬಹುದು, ಹದಿನಾಲ್ಕೂ ಆಗ್ಬಹುದು"
ಅಂದವನೇ ಬೈಕು ತಿರುಗಿಸಿದ.

ಒಂದು ದಿನದ ಸಂಬಳ ಮೊದಲೇ ಕಳಿಸಿದೆ,
ಮನೆ ಸಿಕ್ಕಲಿ, ಬಿಡಲಿ.
ಶುಕ್ರವಾರ ಮೂರೂವರೆಗೆ ಐತಪ್ಪ ಏಣಿ ಹೊತ್ತು ಬಂದ.
ಬೆರಳ ಗೆಣ್ಣಿನಿಂದ ಪಕ್ಕಾಸುಗಳನ್ನು
ಒಂದೊಂದಾಗಿ ಬಡಿದ:
ಟಕ್. ಟಕ್. ಟಕ್.
ಪಡುವಣ ಮೂಲೆಯಲ್ಲಿ, ಡೊಬ್.

ಒಳಗೆ ಚಾ ಸೋಸುತ್ತಿದ್ದ ಗ್ರೆಟ್ಟಾ ಬಾಯಿಯ ಕೈ
ಅರೆಗಳಿಗೆ ನಿಂತಿತು.
ಆ ಸದ್ದು ಅವಳಿಗೆ ಹೊಸದಲ್ಲ.

ಬೀಡಿಕಟ್ಟಿನ ಕಾಗದದ ಬೆನ್ನಿಗೆ ಅಂಕಿ ಗೀಚಿ
ಐತಪ್ಪ ನನ್ನ ಮುಷ್ಟಿಗೆ ತುರುಕಿದ.
ನಾನಿನ್ನೂ ಬಿಡಿಸಿ ನೋಡಿರಲಿಲ್ಲ,
ಚಾ ಬಂತು; ಸಕ್ಕರೆ ಒಂದು ಚಮಚ ಹೆಚ್ಚೇ.
"ನಾಳೆ ಬರ್ತೀರಲ್ಲ?" ಎಂದಳು,
ಆ ಮೂಲೆಯೊಂದನ್ನು ಬಿಟ್ಟು
ಮನೆಯೆಲ್ಲ ನೋಡುತ್ತ.