ಹುಲ್ಲು ಕೀಳುವವನ ಟಿಕೆಟ್ಟು

ಅರವತ್ತು ದಾಟಿದವರಿಗೆ ಅರ್ಧ ದರ.
ಲುವಾನ್ ಛಂಗೆಂಗ್, ವಯಸ್ಸು ಅರವತ್ತೆಂಟು.
ಗುರುತಿನ ಚೀಟಿ ಗಾಜಿನ ಮೇಲಿಟ್ಟಾಗ
ಬಾಗಿಲು ತಾನೇ ತೆರೆದುಕೊಂಡಿತು.
ಅಪ್ಪ ಒಂದು ಹೆಜ್ಜೆ ಹಿಂದೆ ಸರಿದ.

ಮೂವತ್ತೊಂದು ವರ್ಷ ಈ ಅರಮನೆಗೆ ಬಂದವನು
ಪೂರ್ವದ ಬಾಗಿಲಿಂದ, ಏಣಿ ಹೊತ್ತು,
ಬೀಜಿಂಗ್ ಇನ್ನೂ ಹಲ್ಲುಜ್ಜುತ್ತಿರುವಾಗ.
ದಕ್ಷಿಣದ ಹೆಬ್ಬಾಗಿಲಿಂದ ಇದೇ ಮೊದಲು.
ಒಳಗೆ ಬಂದವನು ಸೊಂಟ ಮುಟ್ಟಿ ನೋಡಿಕೊಂಡ,
ಹಗ್ಗ ಕಟ್ಟಿದೆಯೋ ಇಲ್ಲವೋ ಎಂಬಂತೆ.

ಅವನ ಕೆಲಸ ಹೇಳಿಕೊಳ್ಳುವಂಥದ್ದಲ್ಲ:
ಚಕ್ರವರ್ತಿಗಳ ಮಾಡಿನ ಮೇಲಿನ ಹುಲ್ಲು ಕೀಳುವುದು.
ಹಕ್ಕಿ ಉದುರಿಸಿದ ಬೀಜ, ಗಾಳಿ ತಂದ ಧೂಳು,
ಎರಡು ಹಳದಿ ಹೆಂಚುಗಳ ನಡುವೆ
ಉಗುರಗಲ ಸಂದು ಸಾಕು, ಬೇರು ಇಳಿಯುತ್ತದೆ.
ಬೇರು ಇಳಿದರೆ ನೀರು ಇಳಿಯುತ್ತದೆ,
ನೀರು ಇಳಿದರೆ ತೊಲೆ ಹೋಯಿತು. ಆಮೇಲೆ
ಸಿಂಹಾಸನವೇನು, ಸೌದೆಯೇನು.
ಇಷ್ಟನ್ನೇ ಅಪ್ಪ ನನಗೆ ಇತಿಹಾಸವೆಂದು ಕಲಿಸಿದ್ದು.

ಅಂಗಳದ ತುಂಬ ಬಾಡಿಗೆಯ ರಾಣಿಯರು.
ತಲೆಯ ಮೇಲೆ ಮಣಿಗೊಂಚಲು,
ರೇಷ್ಮೆ ನಿಲುವಂಗಿಯ ಕೆಳಗೆ ಓಟದ ಬೂಟು.
ಒಬ್ಬ ರಾಣಿ ಫೋನು ಕೊಟ್ಟು, "ತಾತ, ಒಂದು ಫೋಟೋ" ಅಂದಳು.
ತೆಗೆದ. ನೋಡಿದರೆ
ಕೆಳಗೆ ರಾಣಿಯ ಹಣೆ ಮಾತ್ರ,
ಉಳಿದದ್ದೆಲ್ಲ ಸೂರು.

ಸೂರಿನ ಅಂಚಲ್ಲಿ ಸಾಲುಗಟ್ಟಿ ಕೂತ ಮಣ್ಣಿನ ಮೃಗಗಳನ್ನು
ಓಣಿಯವರನ್ನು ಮಾತಾಡಿಸುವಂತೆ ಮಾತಾಡಿಸಿದ.
"ಆ ಹತ್ತನೆಯವನ ಕಿವಿ ಒಡೆದಿತ್ತು, ತೊಂಬತ್ತೆಂಟರಲ್ಲಿ.
ಅಂಟಿಸಿದವನು ಷೀ. ಮಹಾ ಕುಡುಕ.
ನೋಡು, ಕೂದಲಷ್ಟೂ ಅಲುಗಿಲ್ಲ."

ಸಿಂಹಾಸನದ ಮುಂದೆ ಕಟಕಟೆ, ಕಟಕಟೆಯ ಮುಂದೆ ಜನ,
ಜನರ ಮೇಲೆ ಕೈ, ಕೈಗಳ ಮೇಲೆ ಫೋನು.
ಅಪ್ಪ ತುದಿಗಾಲಲ್ಲಿ ನಿಂತ.
"ಕಂಡಿತಾ?"
"ಏನೋ ಹೊಳೆಯಿತು."
ಹತ್ತು ಹೆಜ್ಜೆ ಬಂದ ಮೇಲೆ: "ಚಿಕ್ಕದು.
ಅದರ ನೆತ್ತಿಯ ಮೇಲೆ ಕೂತು ಎಷ್ಟು ಸಲ ಉಂಡಿದ್ದೇನೆ,
ತಣ್ಣಗಿನ ಬನ್ನು, ಉಪ್ಪುಮೂಲಂಗಿ.
ಕೆಳಗೆ ಏನಿದೆ ಅಂತ ಯೋಚನೆಯೇ ಬಂದಿರಲಿಲ್ಲ."

ಕಂಚಿನ ಹಂಡೆಯ ನೆರಳಲ್ಲಿ ಕೂತು ಮೊಟ್ಟೆ ಸುಲಿದೆವು.
ಹಂಡೆಗೆ ಹೊದಿಸಿದ್ದ ಚಿನ್ನವನ್ನು ಯಾವುದೋ ದಂಡಿನವರು
ಕೆರೆದು ಒಯ್ದರಂತೆ. ಉಳಿದದ್ದು ಗೀರು,
ಬೆಕ್ಕು ಪರಚಿದ ಹಾಗೆ.
ಅಪ್ಪ ಮೊಟ್ಟೆಚಿಪ್ಪನ್ನು ಚೂರೂ ಬಿಡದೆ ಜೇಬಿಗೆ ಹಾಕಿಕೊಂಡ.
ಆಮೇಲೆ ಹಂಡೆಗೆ ಹೇಳುವಂತೆ ಹೇಳಿದ:

"ನೀನು ಹುಟ್ಟಿದ ದಿನ ಆ ಪಡುವಣ ಮಾಡಿನ ಮೇಲಿದ್ದೆ.
ಹುಲ್ಲಿನ ನಡುವೆ ಗೋಧಿ ಬಂದಿತ್ತು.
ಒಂದೇ ಪೈರು. ತೆನೆ ಪೂರ್ತಿ ಬಲಿತಿತ್ತು.
ಏನೇ ಇರಲಿ ಕೀಳಬೇಕು, ನಿಯಮ. ಕಿತ್ತೆ.
ಆಗಲೇ ಷೀ ಕೆಳಗಿನಿಂದ ಕೂಗಿದ್ದು:
ಆಸ್ಪತ್ರೆಯಿಂದ ಫೋನು, ಹೆಣ್ಣಂತೆ."

ನನ್ನ ಹೆಸರು ಮಾಯ್. ಅಂದರೆ ಗೋಧಿ.
ಶಾಲೆಯಲ್ಲಿ ಹಿಟ್ಟಿನ ಮೂಟೆ ಎಂದರು,
ಪಟ್ಟಣದಲ್ಲೇ ಹುಟ್ಟಿದವಳನ್ನು ಯಾವ ಹೊಲದವಳೇ ಎಂದರು.
ಹದಿನಾರರಲ್ಲಿ, ಹೆಸರು ಬದಲಿಸಿ ಎಂದು
ಎರಡು ದಿನ ಊಟ ಬಿಟ್ಟಿದ್ದೆ.
ಈಗ ಟ್ರಾಲಿ ಬಸ್ಸು ಓಡಿಸುತ್ತೇನೆ,
ದಿನಕ್ಕೆ ಆರು ಸಲ ಈ ಕಂದಕದ ಪಕ್ಕ ಹಾಯುತ್ತೇನೆ,
ಎದೆಯ ಪಟ್ಟಿಯಲ್ಲಿ ಅದೇ ಹೆಸರು.

"ಯಾಕೆ ಹೇಳಲಿಲ್ಲ?"
"ಬದಲಿಸು ಅಂದೆ. ಎಲ್ಲಿಂದ ಬಂತು ಅಂತ ಕೇಳಲಿಲ್ಲ."
"ಆ ತೆನೆ?"
"ತಿಂದೆ," ಅಂದ. "ಹಸಿವಾಗಿತ್ತು."

ಉತ್ತರದ ಬಾಗಿಲು ದಾಟಿ ಎದುರಿನ ಗುಡ್ಡ ಹತ್ತಿದೆವು.
ಕೆಳಗೆ ಹಳದಿ ಮಾಡುಗಳು, ಮಾಡುಗಳ ಹಿಂದೆ ಮಾಡುಗಳು.
ಯಾರೋ ಮಾರ್ಗದರ್ಶಿ ಮೈಕಿನಲ್ಲಿ ಸಮುದ್ರದಂತೆ ಎನ್ನುತ್ತಿದ್ದಳು.
ಅಪ್ಪ ಕಣ್ಣು ಕಿರಿದು ಮಾಡಿದ.
"ವಾಯವ್ಯ ಮೂಲೆ, ಮೂರನೆಯ ಸೂರು.
ಹಸಿರು ಕಾಣುತ್ತಿದೆಯಾ?"
ನನಗೇನೂ ಕಾಣಲಿಲ್ಲ. ಹೂಂ ಅಂದೆ.
"ಮಳೆಗೆ ಮುಂಚೆ ಯಾರಿಗಾದರೂ ಹೇಳಬೇಕು."
ಅವನ ಹೆಬ್ಬೆರಳು ತೋರುಬೆರಳು
ಗಾಳಿಯಲ್ಲಿ ಏನನ್ನೋ ಬುಡಸಮೇತ ಹಿಡಿದಿದ್ದವು.
ಷೀ ತೀರಿಕೊಂಡು ನಾಲ್ಕು ವರ್ಷ.

ಇಳಿಯುವಾಗ ನನ್ನ ತೋಳು ಹಿಡಿದ,
ಏಣಿ ಹಿಡಿಯುವ ಹಾಗೆ:
ಒಂದು ಕೈ ಬಿಗಿದ ಮೇಲೇ
ಇನ್ನೊಂದನ್ನು ಬಿಡುತ್ತ.