ಸುಣ್ಣ ಬೀಳದ ತುಂಡು

ಸ್ಯಾಕ್ಸನಿಯ ಗಡಿಬೆಟ್ಟ, ಬೆಳಗಿನ ಆರು.
ರೊಸ್ವಿತಾ ಮೊಣಕಾಲೂರಿ
ಸೂಜಿಯೆಲೆಯ ಹಾಸು ಸರಿಸುತ್ತಾಳೆ,
ಹಳೇ ಕಂಬಳಿ ಎತ್ತಿ ನೋಡುವ ಹಾಗೆ.

ಗಡಿಯ ಈಚೆ ಆಚೆ ಚಿಮಣಿಗಳು
ವರ್ಷಗಟ್ಟಲೆ ಮಳೆಗೆ ಹುಳಿ ಹಿಂಡಿದ್ದವು.
ಸ್ಪ್ರೂಸ್ ಮರಗಳು ನಿಂತಲ್ಲೇ ಬೂದಿಬಣ್ಣವಾಗಿ
ನಿಂತೇ ಇದ್ದವು, ಬೀಳಲೂ ಮರೆತು.

ಆಮೇಲೆ ಹೆಲಿಕಾಪ್ಟರ್.
ಹೆಕ್ಟೇರಿಗೆ ಮೂರು ಟನ್ ಸುಣ್ಣಕಲ್ಲಿನ ಹುಡಿ.
ಅವಳಿಗಾಗ ಇಪ್ಪತ್ನಾಲ್ಕು.
ಒಣಹಾಕಿದ ಬಟ್ಟೆಯ ಮೇಲೂ ಕಾಡಿನ ಪಾಲು ಬಿದ್ದು
ಅಮ್ಮ ಬೈದದ್ದು ಗಾಳಿಗೋ ಸರ್ಕಾರಕ್ಕೋ
ತಿಳಿಯಲಿಲ್ಲ.

ಬೇಲಿ ಹಾಕಿ ಒಂದು ತುಂಡು ಹಾಗೇ ಬಿಟ್ಟರು,
ಹೋಲಿಸಿ ನೋಡಲು.
ಒಂದು ಕಣ್ಣಿಗೆ ಬೆಣ್ಣೆ, ಒಂದಕ್ಕೆ ಸುಣ್ಣ ಎಂಬ ಮಾತು
ಇಲ್ಲಿ ತಲೆಕೆಳಗು: ಸುಣ್ಣವೇ ಬೆಣ್ಣೆ.

ಮೊದಲ ಹತ್ತು ವರ್ಷ ಹಾಗೆಂದೇ ಬರೆದಳು.
ಎರೆಹುಳು ಬಂತು. ಬಸವನಹುಳು ಚಿಪ್ಪು ಕಟ್ಟಿತು.
ಪುಟ್ಟ ಹಕ್ಕಿಯ ಮೊಟ್ಟೆ ಕಾವಿಗೆ ಕೂತರೂ ಬಿರಿಯಲಿಲ್ಲ.
ಆಮೇಲೆ ಬರೆದಳು: ಕಪ್ಪು ಹ್ಯೂಮಸ್ ಬೇಗ ಕರಗುತ್ತಿದೆ,
ತೊರೆಯಲ್ಲಿ ನೈಟ್ರೇಟ್,
ಬೇರುಗಳು ಮೇಲೆಯೇ ಕೂತಿವೆ ಸುಲಭದ ಊಟಕ್ಕೆ,
ಒಂದು ಗೇಣು ಕೆಳಗೆ ಹುಳಿ ಇನ್ನೂ ಹುಳಿಯೇ.
ಬಿರುಗಾಳಿಯ ಮರುದಿನ ಉರುಳಿದ್ದನ್ನು ಎಣಿಸಿ,
ಇನ್ನೊಮ್ಮೆ ಎಣಿಸಿ,
ಅದನ್ನೂ ಬರೆದಳು.

ನಾಳೆ ನಿವೃತ್ತಿ.
ಬೇಲಿಯೊಳಗೆ, ಯಾರೂ ಏನೂ ಕೊಡದ ಚೌಕದಲ್ಲಿ,
ಹಾವಸೆ, ಬಿಲ್‌ಬೆರಿ ಪೊದೆ, ಸತ್ತ ಕಾಂಡ,
ಅದರ ಬುಡದಲ್ಲಿ ಬೆರಳುದ್ದದ ರೋವನ್ ಸಸಿ.
ಫಾರಂನಲ್ಲಿ ಅದಕ್ಕೆ ಕಾಲಂ ಇಲ್ಲ.

ಪೆನ್ಸಿಲ್ ತುದಿ ಎಂಜಲು ಮಾಡಿ
ಅಂಚಿನಲ್ಲಿ ಬರೆಯುತ್ತಾಳೆ:
ಒಂದು.