ಮಂಗಳವಾರ, ಒಂದು ನಲವತ್ತು

ಬ್ಯಾಂಕಿನ ಹನ್ನೊಂದು ಮಷೀನು ನನ್ನ ಸುಪರ್ದಿಗೆ ಅದಾವ,
ಒಂದನ್ನೂ ಕಣ್ಣೀಲೆ ಕಂಡಿಲ್ಲ.
ವರ್ಚುವಲ್ಲು. ಮುಂಬೈದಾಗ ಯಾರದೋ ಕಬ್ಬಿಣದೊಳಗ
ಬಾಡಿಗಿ ಇರತಾವು.
ನಾ ಇಲ್ಲೆ ನವನಗರದಾಗ, ಸೆಕ್ಟರ್ ಇಪ್ಪತ್ತೇಳು,
ಜೀರಗಿ ಸೋಡಾ ಕುಡಕೋತ
ರಾತ್ರಿ ಒಂದು ನಲವತ್ತಕ್ಕ ಅವುಗಳ ಬ್ಯಾಕಪ್ ಕಾಯತೀನಿ.

ಒಂದು ಗಳಿಗಿ ತಡೀತಾವು. ಅಷ್ಟ.
ಬರಿಯೂ ಕೈ ಹಾಳಿ ಮ್ಯಾಲಿಂದ ಎತ್ತಿದಂಗ.
ಠೇವಣಿ, ಬಂಗಾರದ ಅಡವು,
ಅರ್ಧಕ್ಕ ನಿಂತ ಯಾರದೋ ಅಡ್ಡಹೆಸರು,
ಹೆಂಗೈತೋ ಹಂಗ ಅಚ್ಚಾಗಿ
ಒಂದು ಪ್ರತಿ ಹೈದರಾಬಾದಿಗೆ ಹೋಗತೈತಿ,
ಮುಂಬೈ ಮುಳುಗಿದ್ರ ಅಲ್ಲೆರ ಇರಲಿ ಅಂತ.

ಮುಳುಗೂದು ಅಂದ್ರ ನಗತಾನ
ನಮ್ಮ ವಾಚ್‌ಮನ್ ದಾವಲಸಾಬ ನದಾಫ.
ಹಳೆ ಬಾಗಲಕೋಟಿಗೆ ಹಿನ್ನೀರು ಬರೂ ಮೊದಲ
ಮೋಜಣಿಯವರ ಟೇಪಿನ ತುದಿ ಹಿಡದಾಂವ,
ಮನಿ ಮನಿಗೆ ಕೆಂಪು ನಂಬರ ಬರದಾಂವ.
"ಅಂಕಣ ನಾಕು. ತೊಲಿ ಹದಿನಾರು.
ಬಾಗಲಾ ಮೂರು, ಒಂದು ಸಾಗವಾನಿದು.
ಹಿತ್ತಲದಾಗ ಬೇವಿನ ಗಿಡ.
ಒಂದೂ ಬಿಟ್ಟಿಲ್ರಿ ಅಕ್ಕಾರ. ಅದರ ಲೆಕ್ಕಕ್ಕ ರೊಕ್ಕ ಬಂತು,
ಪ್ಲಾಟೂ ಬಂತು."

"ಹಂಗಾರ ಎಲ್ಲಾ ಬಂದಂಗಾತಲ್ಲ?"

ಕಿವಿಮ್ಯಾಲಿನ ಬೀಡಿ ತಗದು, ನೋಡಿ, ಮತ್ತ ಅಲ್ಲೇ ಇಟ್ಟ.
"ಚಕ್ಕುಬಂದೀನೂ ಬರದಿದ್ವಿ.
ಮೂಡಲಕ ಹೂಗಾರ ಕಲ್ಲವ್ವನ ಮನಿ, ಪಡುವಲಕ ನಮ್ಮದು.
ಚೀಟಿ ಎತ್ತಿದ್ರು.
ಆಕಿ ಸೆಕ್ಟರ್ ನಲವತ್ತಾರಕ್ಕ ಬಿದ್ಲು."

ಇಟ್ಟದ್ದು ಎದ್ದೀತೋ ಇಲ್ಲೋ
ತಿಂಗಳಿಗೊಮ್ಮೆ ಎಬ್ಬಿಸಿ ನೋಡಬೇಕು, ಅದು ನಮ್ಮ ರೀತಿ.
ಶನಿವಾರ ರಾತ್ರಿ ಒಂದನ್ನ ಎಬ್ಬಿಸಿದೆ,
ಸುತ್ತ ಗ್ವಾಡಿ ಕಟ್ಟಿದ ಖಾಲಿ ಜಾಲದಾಗ.
ಎದ್ದಿತು. ಎಷ್ಟು ಹೊತ್ತಾತು ಅಂತ ಕೇಳಿದೆ.
ಮಂಗಳವಾರ, ಒಂದು ನಲವತ್ತು, ಅಂತು.
ಮತ್ತ ತನ್ನ ಬಾಜೂದ ವಿಳಾಸಕ್ಕ ಕೂಗಿತು.
ಮೂವತ್ತು ಸೆಕೆಂಡ್ ಕಾದು ಮತ್ತ ಕೂಗಿತು.
ಲಾಗಿನಾಗ ಅದರ ಕೂಗಷ್ಟ, ಸಾಲ ಕೆಳಗ ಸಾಲ.

'ಯಶಸ್ವಿ' ಅಂತ ಫಾರ್ಮಿನಾಗ ಬರೀಬೇಕು. ಬರದೆ.
ಆರಿಸಾಕ ಹೋದ ಬಟ್ಟು ಯಾಕೋ ಹೋಗಲಿಲ್ಲ.
ಫಾರ್ಮಿನಾಗ ಕೇಳಿದ್ದಿಲ್ಲ, ಆದ್ರೂ
ಬಾಜೂದ್ದನ್ನೂ ಎಬ್ಬಿಸಿದೆ,
ಅದ ಮಂಗಳವಾರದ್ದು, ಅದ ವಿಳಾಸಕ್ಕ.

ಕೂಗು ನಿಂತಿತು.
ಹತ್ತು ನಿಮಿಷ ಏನೇನೋ ಮಾತಾಡಕೊಂಡ್ವು,
ನಾ ಓದಲಿಲ್ಲ.
ಹೊರಗ ದಾವಲಸಾಬ ಗೇಟಿಗೆ ಮೂರು ಸಲ ಬಡದ.

ಆಮ್ಯಾಲ ಎರಡನ್ನೂ ಕೂಡೇ ಅಳಿಸಿದೆ.